ನಮ್ಮನೆಯ ‘ಆಮೇಲೆ’

ನಮ್ಮ ನಾದಿನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಈಗ ಅವಳ ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ಬೀದಿಗೆಲ್ಲ ಅವಳು ‘ಆಮೇಲೆ’. ಹಾಲಿನವನು ಕೂಡ "ಆಮೇಲೆ ಮೇಡಂ ಇದ್ದಾರಾ?" ಅಂತಲೇ ಬಾಗಿಲು ತಟ್ಟುತ್ತಾನೆ. ಆ ಹೆಸರು ಇಟ್ಟವರು ನಮ್ಮ ಯಜಮಾನರು, ಅಂದರೆ ಅವಳ ಸ್ವಂತ ಅಣ್ಣ. ಇಟ್ಟ ದಿನ ನಾನೂ ಅಲ್ಲೇ ಇದ್ದೆ, ಕೈಯಲ್ಲಿ ಪೊರಕೆ ಹಿಡಿದುಕೊಂಡು.

ಆಗ ನಾನು ಆ ಮನೆಗೆ ಸೊಸೆಯಾಗಿ ಬಂದ ಹೊಸತು. ಅವಳಿನ್ನೂ ಮುಂದಿನ ಹಲ್ಲು ಬಿದ್ದ ಹುಡುಗಿ. ನಮ್ಮತ್ತೆಗೆ ಅಡುಗೆಮನೆಯ ಒಲೆಯನ್ನು ಕಿಟಕಿಯ ಕೆಳಗೆ ಹಾಕಿಸಬೇಕು ಅಂತ ಆಸೆಯಾಯಿತು. ಬೆಳಕು ಬರುತ್ತೆ, ಸೊಸೆಗೂ ಹಿತವಾಗಿರುತ್ತೆ ಅಂತ. ಮನೆಮಂದಿಯೆಲ್ಲ ಹೌದು ಹೌದು ಅಂದರು. ಇವಳು ಹೊಸ್ತಿಲ ಮೇಲೆ ಕೂತು ಕಾಲಾಡಿಸುತ್ತಾ "ಆಮೇಲೆ?" ಅಂದಳು.

"ಆಮೇಲೆ ಏನೇ? ಅಡುಗೆ ಮಾಡೋದು."

"ಕಿಟಕಿ ತೆಗೀತೀಯಾ?"

"ತೆಗೀದೆ ಇರ್ತಾರಾ?"

"ಆಮೇಲೆ?"

"ಗಾಳಿ ಬರುತ್ತೆ ಕಣೇ, ತಂಪಾಗುತ್ತೆ."

"ಆಮೇಲೆ?"

ನಮ್ಮತ್ತೆ ತಿರುಗಿ ಗೋಡೆಯ ಕಡೆ ನೋಡಿದರು. ಗಾಳಿ ಬಂದರೆ ಉರಿ ಒಳಗಡೆಗೆ ಬಾಗುತ್ತೆ. ಒಳಗಡೆ ಗೋಡೆಗೆ ಒರಗಿಸಿ ಮನೆಯ ಸೌದೆಯನ್ನೆಲ್ಲ ಪೇರಿಸಿಟ್ಟಿದ್ದರು. ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಇವಳ ಹೆಸರು ಇವತ್ತಿನಿಂದ ಆಮೇಲೆ" ಅಂದರು. ಒಲೆ ಇದ್ದಲ್ಲೇ ಉಳಿಯಿತು. ನಾನು ಇನ್ನಷ್ಟು ವರ್ಷ ಕತ್ತಲ ಮೂಲೆಯಲ್ಲೇ ಕಣ್ಣು ಕಿರಿದು ಮಾಡಿಕೊಂಡು ಸಾರು ಕುದಿಸಿದೆ. ಆ ಹುಡುಗಿಯ ಮೇಲೆ ಒಳಗೊಳಗೇ ಸಿಟ್ಟೂ ಬಂದಿತ್ತು ಅನ್ನಿ.

ಸಿಟ್ಟು ಎಷ್ಟು ದಿನ ಇರುತ್ತೆ? ಅವಳು ಯಾರನ್ನೂ ಚುಚ್ಚುವುದಕ್ಕೆ ಕೇಳುತ್ತಿರಲಿಲ್ಲ. ಕಥೆ ಹೇಳಿಸಿಕೊಳ್ಳುವ ಮಕ್ಕಳು ಕೇಳುವ ಹಾಗೆ, ಕಣ್ಣರಳಿಸಿ ಕೇಳುತ್ತಿದ್ದಳು. ಮುಂದೆ ಏನಾಗುತ್ತೆ ಅನ್ನುವುದು ಅವಳಿಗೆ ನಿಜವಾಗಿಯೂ ಬೇಕಾಗಿತ್ತು. ಒಮ್ಮೆ ಅವಳನ್ನು ಮದುವೆಯಾಗುತ್ತೇನೆ ಅಂತ ಒಬ್ಬ ಹುಡುಗ ಬಂದಿದ್ದ. ಗರಿಗರಿ ಷರಟು, ಎಣ್ಣೆ ಹಾಕಿ ಒಪ್ಪವಾಗಿ ಬಾಚಿದ ತಲೆ. "ದೊಡ್ಡ ಮನೆ ಕಟ್ಟಿಸ್ತೀನಿ" ಅಂದ. "ಆಮೇಲೆ?" ಅಂದಳು. "ಕಾರು ತಗೋತೀನಿ." "ಆಮೇಲೆ?" "ಅದರಲ್ಲಿ... ಓಡಾಡ್ತೀವಿ." "ಆಮೇಲೆ?" ಹುಡುಗ ಹಣೆ ಒರೆಸಿಕೊಂಡ, ಒಂದು ಲೋಟ ನೀರು ಕೇಳಿ ಕುಡಿದ, ಹೋದವನು ತಿರುಗಿ ಬರಲಿಲ್ಲ. ನಾನು ಹಲ್ಲು ಕಡಿದು "ಏನೇ ನಿನ್ನ ಬಾಯಿ!" ಅಂದರೆ, ಅವಳು "ನಾನೇನು ಮಾಡ್ಲಿ ಅತ್ತಿಗೆ, ಅವನಿಗೇ ಗೊತ್ತಿರಲಿಲ್ಲ" ಅಂದಳು. ಆಮೇಲೆ ಮದುವೆಯ ಮಾತು ಅವಳೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಅತ್ತೆಯೂ ಯಜಮಾನರೂ ತೀರಿಹೋದ ಮೇಲೆ ನಾವಿಬ್ಬರೇ ಒಂದೇ ಮನೆಯಲ್ಲಿ. ಅತ್ತಿಗೆ ನಾದಿನಿ ಅಂದರೆ ಎಣ್ಣೆ ಸೀಗೇಕಾಯಿ ಅಂತ ಜನ ಅಂದುಕೊಂಡಿರುತ್ತಾರೆ. ನಮ್ಮಲ್ಲಿ ಜಗಳವಾಗುವುದು ರೇಡಿಯೋದ ಸದ್ದು ಎಷ್ಟಿರಬೇಕು ಅನ್ನುವುದಕ್ಕೆ ಮಾತ್ರ.

ಇಂಥವಳಿಗೆ ಸಿಕ್ಕ ಕೆಲಸ ನೋಡಿ. ದೇವರು ಅಳತೆ ತೆಗೆದುಕೊಂಡು ಹೊಲಿದ ಹಾಗಿತ್ತು.

ನಮ್ಮ ಊರಿನ ದೊಡ್ಡ ಕಚೇರಿಯಲ್ಲಿ ಒಂದು ಹೊಸ ವಿಭಾಗ ತೆರೆದರು. ಸರ್ಕಾರದ ಕೆಲಸವೆಲ್ಲ ಜನರಿಗೆ ಕಾಣುವ ಹಾಗೆ ಆಗಬೇಕು, ಮುಚ್ಚುಮರೆ ಇರಬಾರದು, ಅದಕ್ಕೆ ಏನೇನು ಬದಲಾಯಿಸಬೇಕೋ ಅದನ್ನೆಲ್ಲ ಆ ವಿಭಾಗದವರು ಮಾಡುತ್ತಾರೆ. ಒಳ್ಳೆಯ ಕೆಲಸವೇ. ಆದರೆ ಒಳ್ಳೆಯ ಕೆಲಸದಿಂದಲೂ ಯಾರಿಗಾದರೂ ಏಟು ಬೀಳಬಹುದಲ್ಲ? ಮರಕ್ಕೆ, ನೀರಿಗೆ, ಗಾಳಿಗೆ, ಇಲ್ಲವೇ ಮನುಷ್ಯರಿಗೆ. ಅದನ್ನು ಮೊದಲೇ ಹುಡುಕಿ ಹೇಳುವುದು ನಮ್ಮ ನಾದಿನಿಯ ಕೆಲಸ. "ಹಿಟ್ಟು ಕಲಸೋಕೆ ಮುಂಚೆ ಜರಡಿ ಹಿಡೀತೀರಲ್ಲ ಅತ್ತಿಗೆ, ಅದೇ. ಕಲಸಿದ ಮೇಲೆ ಕಲ್ಲು ಹುಡುಕೋಕಾಗಲ್ಲ" ಅಂತ ನನಗೆ ಬಿಡಿಸಿ ಹೇಳಿದಳು. ನಾನು ಕೇಳಿದೆ: "ಅಂದ್ರೆ, ಆಮೇಲೆ ಆಮೇಲೆ ಅಂತ ಕೇಳೋಕೆ ಸಂಬಳ ಕೊಡ್ತಾರಾ?" "ಪೆನ್ಷನ್ನೂ ಕೊಡ್ತಾರೆ" ಅಂದಳು.

ಅವಳ ಮೇಲಿನ ಅಧಿಕಾರಿ ಅವಳಿಗಿಂತ ಎಷ್ಟೋ ಚಿಕ್ಕವನು. ಪಾಪ, ಚಿನ್ನದಂಥ ಮನುಷ್ಯ. ಅವನಿಗೆ ಕಚೇರಿಯವರೇ ಇಟ್ಟ ಹೆಸರು ಕಿಟಕಿ ಸಾಹೇಬ. ಯಾವ ಕೋಣೆಗೆ ಕಾಲಿಟ್ಟರೂ ಮೊದಲು ಕಿಟಕಿ ತೆಗೆಯುತ್ತಿದ್ದ. ಚಳಿಯಾಗಲಿ, ಧೂಳಾಗಲಿ, ಮಳೆಯ ಎರಚಲಾಗಲಿ. ಮೇಜಿನ ಕಾಗದಗಳೆಲ್ಲ ಹಾರಾಡುತ್ತಿದ್ದರೆ ಗುಮಾಸ್ತರು ಅವುಗಳ ಹಿಂದೆ ಹಾರಾಡುತ್ತಿದ್ದರು. "ಎಲ್ಲಾ ತೆರೆದಿರಬೇಕು ಕಣ್ರೀ, ಎಲ್ಲಾ ಕಾಣ್ಬೇಕು!" ಅನ್ನುವುದು ಅವನ ಮಾತು. ನಮ್ಮ ಮನೆಗೆ ಮೊದಲ ಸಲ ಬಂದಾಗ ನಮಸ್ಕಾರ ಹೇಳುವ ಮುಂಚೆ ನಮ್ಮ ಕಿಟಕಿ ತೆಗೆದ. ಅದು ತೆರೆದುಕೊಳ್ಳುವುದು ಪಕ್ಕದ ಮನೆಯ ಬಚ್ಚಲ ಕಡೆಗೆ. "ಅಯ್ಯೋ" ಅಂತ ತಕ್ಷಣ ಹಿಂದೆ ಸರಿದ. ಪಕ್ಕದ ಮನೆಯಾಕೆ ಇವತ್ತಿಗೂ ಅದನ್ನು ಹೇಳಿಕೊಂಡು ನಗುತ್ತಾಳೆ.

ಕಿಟಕಿ ಸಾಹೇಬ ದೊಡ್ಡದೊಂದು ಯೋಜನೆ ಹಾಕಿದ. ಜನರು ಕಚೇರಿಗೆ ಕೊಡುವ ದೂರುಗಳೆಲ್ಲ ಚೌಕದಲ್ಲಿ ಎಲ್ಲರಿಗೂ ಕಾಣಬೇಕು. ಅದಕ್ಕೆ ಮನೆಯ ಗೋಡೆಯಷ್ಟು ದೊಡ್ಡದೊಂದು ಟೀವಿ ನಿಲ್ಲಿಸುವುದು. ಯಾರು ದೂರು ಕೊಟ್ಟರು, ಯಾವ ಬೀದಿ, ಏನು ತೊಂದರೆ, ಕಚೇರಿ ಏನು ಮಾಡಿತು, ಎಲ್ಲವೂ ಅದರಲ್ಲಿ ಬರಬೇಕು. ದೂರನ್ನು ಮೂಲೆಗೆ ತಳ್ಳಿ ಕೂರುವ ಗುಮಾಸ್ತರಿಗೆ ಆಗ ಮೈ ಬಿಸಿಯಾಗುತ್ತೆ. ಜೊತೆಗೆ ಕಚೇರಿಯ ಹಳೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿಬಿಡುವುದು.

"ಕಾಗದ ಕಂಪ್ಯೂಟರಿಗೆ ಏರ್ತವೆ ಸಾರ್. ಆಮೇಲೆ?" ಅಂದಳಂತೆ ನಾದಿನಿ.

"ಆಮೇಲೆ ಹಿತ್ತಲಲ್ಲಿ ಸುಟ್ಟುಬಿಡೋದು ಮೇಡಂ."

"ಆಮೇಲೆ?"

"ಬೂದಿ."

"ಅದಕ್ಕೆ ಮುಂಚೆ ಸಾರ್, ಹೊಗೆ. ಹೊಗೆ ಎಲ್ಲಿಗೆ ಹೋಗುತ್ತೆ?"

ಸಾಹೇಬ ಹಿತ್ತಲ ಕಡೆ ನೋಡಿದ. ಹಿತ್ತಲಿಗೆ ಮುಖ ಮಾಡಿದ್ದದ್ದು ಬಾಣಂತಿಯರ ಆಸ್ಪತ್ರೆ, ಮತ್ತೆ ಅವನದೇ ಕೋಣೆಯ ತೆರೆದ ಕಿಟಕಿ. ಕಾಗದವನ್ನೆಲ್ಲ ಲಾರಿಗೆ ತುಂಬಿ ರಟ್ಟು ಮಾಡುವ ಮಿಲ್ಲಿಗೆ ಕಳಿಸಿದರು. ಟೀವಿಯ ಬೆಳಕಿಗೆ ಚೌಕದ ಮರದ ಹಕ್ಕಿಗಳು ಮಲಗುವುದಿಲ್ಲ ಅಂತ ಕತ್ತಲಾದ ಕೂಡಲೇ ಅದನ್ನು ಆರಿಸಬೇಕು ಅಂತಾಯಿತು. ಹೀಗೆ ಒಂದೊಂದೇ ಕಲ್ಲು ಹೆಕ್ಕಿ ತೆಗೆದಳು. ಸಾಹೇಬನಿಗೆ ಬೇಜಾರಿಲ್ಲ. "ನಿಮ್ಮ ಆಮೇಲೆ ಮುಗಿದ ಮೇಲೆ ನನಗೆ ನಿದ್ದೆ ಚೆನ್ನಾಗಿ ಬರುತ್ತೆ ಮೇಡಂ" ಅನ್ನುತ್ತಿದ್ದನಂತೆ.

ಉಳಿದದ್ದು ದೊಡ್ಡ ಕಲ್ಲು. ಅದು ನಮ್ಮ ಬೀದಿಯದೇ.

ನಮ್ಮ ಮನೆಯ ಎದುರಿಗೆ ಒಂದು ಕೋಣೆಯಲ್ಲಿ ಒಬ್ಬ ಟೈಲರಮ್ಮ ಇದ್ದಾಳೆ. ಮುಂದೆ ಹೊಲಿಗೆ ಮಿಷನ್ನು, ಹಿಂದೆ ಹಾಸಿಗೆ, ಅದರ ಹಿಂದೆ ಒಂದು ಸಣ್ಣ ಅಂಗಳ, ಅಂಗಳದಲ್ಲಿ ಬಾವಿ. ಕೊರಳಲ್ಲಿ ಸದಾ ಅಳತೆಯ ಟೇಪು, ಬಾಯಲ್ಲಿ ಸದಾ ಗುಂಡುಸೂಜಿ. ಸೂಜಿ ಕಚ್ಚಿಕೊಂಡೇ ನಗುತ್ತಾಳೆ, ಸೂಜಿ ಕಚ್ಚಿಕೊಂಡೇ ಗಿರಾಕಿಗಳನ್ನು ಗದರುತ್ತಾಳೆ. ಕೈಕೆಲಸ ಬಂಗಾರ. ಆಸ್ಪತ್ರೆಯ ನರ್ಸಮ್ಮಗಳ ಬಿಳಿ ಕೋಟುಗಳೆಲ್ಲ ಅವಳ ಕೈಯವೇ. ಆ ಕೋಣೆಯ ಮಾಲೀಕ ಬಟ್ಟೆಗೆ ಬಣ್ಣ ಹಾಕುವವನು. ಅವನ ಬಣ್ಣದ ಮನೆ ಅದೇ ಅಂಗಳದ ಆಚೆ ಗೋಡೆಗೆ ಅಂಟಿಕೊಂಡಿದೆ. ಕೆಟ್ಟವನಲ್ಲ. ಮೊಣಕೈವರೆಗೆ ಒಂದು ದಿನ ನೀಲಿ, ಒಂದು ದಿನ ಹಳದಿ ಮಾಡಿಕೊಂಡು ಬೀದಿಯ ಮಕ್ಕಳನ್ನು ನಗಿಸುತ್ತಾ ಓಡಾಡುತ್ತಾನೆ. ಆದರೆ ಮೂಗಿನ ತುದಿಯಲ್ಲೇ ಕೋಪ. ಪಕ್ಕದ ಕೋಣೆಯಲ್ಲಿದ್ದ ಚಪ್ಪಲಿ ಹೊಲಿಯುವವನು "ನಿಮ್ಮ ಬಣ್ಣ ನಾರುತ್ತೆ" ಅಂತ ತಮಾಷೆಗೆ ಅಂದಿದ್ದಕ್ಕೆ ಬೆಳಗಾಗುವುದರೊಳಗೆ ಅವನ ಗಂಟುಮೂಟೆ ಬೀದಿಯಲ್ಲಿತ್ತು.

ಆ ಬಣ್ಣದ ನೀರು ಬಾವಿಗೆ ಜಿನುಗಲು ಶುರುವಾಯಿತು. ಟೈಲರಮ್ಮ ಹೊಸ ಬಟ್ಟೆಯನ್ನು ಕತ್ತರಿಸುವ ಮುಂಚೆ ನೀರಲ್ಲಿ ನೆನೆಹಾಕುತ್ತಾಳೆ, ಆಮೇಲೆ ಒಗೆದಾಗ ಕುಗ್ಗಬಾರದು ಅಂತ. ಒಂದು ಬೆಳಿಗ್ಗೆ ಬಕೆಟ್ಟಿನಿಂದ ತೆಗೆದರೆ ನರ್ಸಮ್ಮಗಳ ಬಿಳಿ ಬಟ್ಟೆಯೆಲ್ಲ ಗುಲಾಬಿ! ನಮ್ಮನೆಗೆ ಓಡಿ ಬಂದು ನಗಬೇಕೋ ಅಳಬೇಕೋ ತಿಳಿಯದೆ ನಿಂತಳು. "ಅಮ್ಮಾ, ಇದನ್ನ ಹಾಕ್ಕೊಂಡು ನರ್ಸುಗಳು ನಾಟಕಕ್ಕೆ ಹೋಗ್ಬೇಕಷ್ಟೇ" ಅಂದಳು. ಅದೇ ನೀರನ್ನು ಅವಳು ಕುಡಿಯುತ್ತಿದ್ದಳು ಕೂಡ. ಕಚೇರಿಗೆ ದೂರು ಕೊಟ್ಟಳು, ಹೆಸರು ಹಾಕಿಯೇ. ಹೆಸರಿಲ್ಲದ ದೂರನ್ನು ಅವರು ತೆಗೆದುಕೊಳ್ಳುವುದಿಲ್ಲ. ನಮ್ಮಿಬ್ಬರನ್ನು ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. "ಅವನಿಗೆ ಗೊತ್ತಾದ್ರೆ ನನ್ನ ಮಿಷನ್ನೂ ಬೀದಿಗೆ ಬರುತ್ತಮ್ಮ. ಇಷ್ಟು ಬೆಳಕಿರೋ ಕೋಣೆ, ಇಷ್ಟು ಗಿರಾಕಿ, ಮತ್ತೆಲ್ಲಿ ಸಿಗುತ್ತೆ ನನಗೆ?"

ಈಗ ಅರ್ಥವಾಯಿತಲ್ಲ? ದೊಡ್ಡ ಟೀವಿ ಹೊತ್ತಿಕೊಂಡ ದಿನ ಅವಳ ಹೆಸರು ಗೋಡೆಯಷ್ಟು ಅಗಲ ಕಾಣುತ್ತೆ.

ನಾದಿನಿ ಕೆಲಸ ಮಾಡುವ ರೀತಿಯೊಂದಿದೆ. ಬರೀ ಯೋಚನೆ ಮಾಡಿ ಹೇಳುವುದಿಲ್ಲ, ಆಟ ಆಡಿಸಿ ನೋಡುತ್ತಾಳೆ. ಯೋಜನೆ ಶುರುವಾಗಿದೆ ಅಂತ ಇಟ್ಟುಕೊಂಡು, ಒಬ್ಬೊಬ್ಬರಿಗೆ ಒಂದೊಂದು ಪಾತ್ರ ಕೊಟ್ಟು, ಮುಂದೇನಾಗುತ್ತೋ ನಡೆಸಿ ನೋಡುವುದು. ಬಹಳ ಸಲ ಅದು ನಡೆಯುವುದು ನಮ್ಮ ಅಡುಗೆಮನೆಯಲ್ಲೇ. ಒಂದು ಭಾನುವಾರ ಸಾಹೇಬನನ್ನು ಕರೆಸಿದಳು. ದೊಡ್ಡ ತಟ್ಟೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಿದಳು, ಅದು ಟೀವಿ. ಸಾಹೇಬನ ಕೈಗೆ ಸೌಟು ಕೊಟ್ಟಳು.

"ಸಾರ್, ನೀವೊಬ್ಬ ಬಾಡಿಗೆದಾರ. ಮಾಲೀಕನ ಮೇಲೆ ದೂರು ಕೊಟ್ಟಿದ್ದೀರಿ. ಇವತ್ತು ಟೀವಿಲಿ ನಿಮ್ಮ ಹೆಸರು ಬಂದಿದೆ. ಅತ್ತಿಗೆ, ನೀವು ಮಾಲೀಕ."

"ನಾನ್ಯಾಕೆ ಸೌಟು ಹಿಡಿದಿದ್ದೀನಿ ಮೇಡಂ?"

"ನೀವು ಅಡುಗೆಯವರು ಸಾರ್. ಕೂತ್ಕೊಳ್ಳಿ."

ನಾನು ಸೊಂಟಕ್ಕೆ ಕೈಯಿಟ್ಟು ತಟ್ಟೆಯ ಮುಂದೆ ನಿಂತೆ. ಓದುವ ಹಾಗೆ ಮಾಡಿದೆ. ತಿರುಗಿದೆ. "ಏನಯ್ಯಾ! ನನ್ನ ಮನೆಯಲ್ಲಿದ್ದು, ನನ್ನ ಸೂರಿನ ಕೆಳಗೆ ಮಲಗಿ, ನನ್ನ ಮೇಲೇ ದೂರಾ? ಎತ್ತು ನಿನ್ನ ಗಂಟು! ಈ ಕ್ಷಣ ಖಾಲಿ ಮಾಡು! ಆ ಸೌಟು ಅಲ್ಲೇ ಇಡು, ಅದು ನಂದು!"

ಎಲ್ಲಿಂದ ಬಂತೋ ಆ ಆವೇಶ. ನಮ್ಮ ಯಜಮಾನರ ಎದುರಿಗೂ ಅಷ್ಟು ದನಿ ಎತ್ತಿದವಳಲ್ಲ ನಾನು. ಸಾಹೇಬ ಬೆಚ್ಚಿಬಿದ್ದು ಎದ್ದು ನಿಂತ, ಸೌಟು ಕೆಳಗೆ ಬಿತ್ತು.

"ಅಯ್ಯೋ, ಹೊತ್ತಿಲ್ಲದ ಹೊತ್ತಲ್ಲಿ ನಾನೆಲ್ಲಿಗೆ ಹೋಗ್ಲಿ ಅಮ್ಮಾ?" ಅಂದ. ತಿರುಗಿ ಆ ತಟ್ಟೆಯನ್ನು ನೋಡಿದ. "ಹೆಸರು ಹಾಕಬಾರದು" ಅಂದ.

ನಾದಿನಿ ಚಹಾ ತಂದಿಟ್ಟಳು. "ನಾವು ಮೂವರು ಅಡುಗೆಮನೇಲಿ ತೀರ್ಮಾನ ಮಾಡಿದ್ರೆ ಸಾಲದು ಸಾರ್. ಏಟು ಬೀಳೋರು ತಾವೇ ಬಂದು ಹೇಳ್ಬೇಕು. ಆಗಲೇ ಯೋಜನೆ ಬದಲಾಯಿಸೋಕಾಗೋದು."

"ಸಭೆ ಕರೆಯೋಣ ಮೇಡಂ!" ಅಂತ ಸಾಹೇಬ ಎದ್ದು ಹೊರಡುವಾಗ ನನಗೆ ಕೈಮುಗಿದು "ಅಮ್ಮಾ, ನಿಮ್ಮ ಮನೆಗೆ ಬಾಡಿಗೆಗೆ ಮಾತ್ರ ಬರಲ್ಲ" ಅಂದ.

ನಾದಿನಿ ಮನೆ ಮನೆಗೆ ಹೋಗಿ ಜನರನ್ನು ಕರೆದಳು. ಹೆದರುವವರನ್ನು ಒಪ್ಪಿಸುವುದು ಸುಲಭವಲ್ಲ. ಟೈಲರಮ್ಮನನ್ನು ಒಪ್ಪಿಸುವುದಕ್ಕೆ ಒಂದು ಸಂಜೆಯೆಲ್ಲ ಆಯಿತು. "ಅಲ್ಲಿ ನಿಮ್ಮ ಥರದವರೇ ಇರ್ತಾರೆ. ಯಾರ ಹೆಸರೂ ಹೊರಗೆ ಹೋಗಲ್ಲ. ಇದು ನನ್ನ ಮಾತು" ಅಂದಳು. "ನಿಮ್ಮ ಮಾತು ಅಂದ್ರೆ ಬರ್ತೀನಕ್ಕ" ಅಂದಳು ಟೈಲರಮ್ಮ, ಬಾಯಿಂದ ಸೂಜಿ ತೆಗೆದು. ಸೂಜಿ ತೆಗೆದು ಮಾತಾಡಿದಳು ಅಂದರೆ ಅದು ದೊಡ್ಡ ವಿಷಯ.

ಸಭೆ ಚೌಕದ ಪಕ್ಕದ ಕಚೇರಿ ಕಟ್ಟಡದಲ್ಲಿ, ಮಹಡಿಯ ಮೇಲೆ. ನನಗೆ ಮಂಡಿ ನೋವು, ಮೆಟ್ಟಿಲು ಹತ್ತುವುದಕ್ಕಾಗುವುದಿಲ್ಲ. ತರಕಾರಿ ತರುತ್ತೇನೆ ಅಂತ ಚೀಲ ಹಿಡಿದು ಚೌಕಕ್ಕೆ ಹೋದೆ. ಹೋದರೆ ಅಲ್ಲಿ ಜಾತ್ರೆಯಂತೆ ಜನ. ಎಲ್ಲರೂ ಮೇಲೆ ನೋಡುತ್ತಿದ್ದಾರೆ. ನಾನೂ ನೋಡಿದೆ.

ದೊಡ್ಡ ಟೀವಿಯಲ್ಲಿ ನಮ್ಮ ನಾದಿನಿ!

ಮನೆಯಷ್ಟು ದೊಡ್ಡ ಮುಖ. ಒಂದೊಂದು ಹುಬ್ಬೂ ನನ್ನ ತೋಳಷ್ಟು ಉದ್ದ. ಬೆಳಿಗ್ಗೆ ನಾನು "ಕೂದಲು ಸರಿಯಾಗಿ ಬಾಚ್ಕೊಳ್ಳೇ" ಅಂದಿದ್ದೆ, ಬಾಚಿಕೊಂಡಿರಲಿಲ್ಲ. ತರಕಾರಿಯವಳು "ನೋಡಮ್ಮಾ, ನಿನ್ನ ನಾದಿನಿ ಸಿನಿಮಾ ಸೇರಿಬಿಟ್ಟಳು!" ಅಂತ ಕೂಗಿದಳು. ನನಗೆ ಒಂದು ಗಳಿಗೆ ಹೆಮ್ಮೆಯೇ ಆಯಿತು ಅನ್ನಿ, ಸುಳ್ಳು ಯಾಕೆ.

ಆಗ ಟೀವಿಯಲ್ಲಿ ಸಭೆಯ ಜನ ಕಂಡರು. ಹಿಂದಿನ ಸಾಲಿನಲ್ಲಿ ಟೈಲರಮ್ಮ, ಟೇಪನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ.

ಆಗಿದ್ದು ಇಷ್ಟೇ. ದೂರುಗಳನ್ನು ತೋರಿಸುವುದು ಇನ್ನೂ ಶುರುವಾಗದಿದ್ದರೂ ಟೀವಿಯನ್ನು ಚೌಕದಲ್ಲಿ ಆಗಲೇ ನಿಲ್ಲಿಸಿ ಹಚ್ಚಿದ್ದರು. ‘ತೆರೆದ ಕಚೇರಿಯ ಪ್ರತಿಯೊಂದು ಸಭೆಯೂ ಚೌಕದಲ್ಲಿ ಜನರಿಗೆ ಕಾಣಬೇಕು’ ಅಂತ ಕಿಟಕಿ ಸಾಹೇಬ ಮೊದಲೇ ಆಜ್ಞೆ ಮಾಡಿಟ್ಟಿದ್ದ. ಒಳ್ಳೆಯ ಆಜ್ಞೆ ಅಂತ ನಾದಿನಿಯೂ ತಲೆದೂಗಿದ್ದಳು. ಟೀವಿಯ ತಂತಿ, ಟೀವಿಯ ಬೆಳಕು, ಟೀವಿಯ ಪಕ್ಕದ ಮರ, ಎಲ್ಲಕ್ಕೂ ಆಮೇಲೆ ಆಮೇಲೆ ಅಂತ ಕೇಳಿದವಳು ಆ ಸಭೆಗೆ ಮಾತ್ರ ಕೇಳಿರಲಿಲ್ಲ. ಯಾರ ಕಣ್ಣಿಗೂ ಬೀಳಬಾರದು ಅನ್ನುವವರ ಕಷ್ಟ ಕೇಳುವ ಸಭೆಯನ್ನೇ ಊರಿನ ಕಣ್ಣಿಗೆಲ್ಲ ಹಾಕಿ ಕೂತಿದ್ದರು! ಇಂಥ ತಪ್ಪು ಮಾಡುವುದಕ್ಕೂ ಅವರಿಬ್ಬರಷ್ಟು ಒಳ್ಳೆಯವರೇ ಆಗಿರಬೇಕು.

ನನ್ನ ಪಕ್ಕದಲ್ಲೇ ಯಾರೋ ಖುಷಿಯಿಂದ ಕೂಗಿದರು: "ಅರೆ, ನಮ್ಮ ಟೈಲರಮ್ಮ! ನೋಡ್ರೋ, ನನ್ನ ಬಾಡಿಗೆಯವರು ಟೀವಿಲಿ!" ತಿರುಗಿ ನೋಡಿದರೆ ಬಣ್ಣದವನು. ಮೊಣಕೈವರೆಗೆ ಕೆಂಪು.

ಟೀವಿಯಲ್ಲಿ ಯಾರೋ ಮುದುಕರು ತಮ್ಮ ಮಾತು ಮುಗಿಸುತ್ತಿದ್ದರು. ನಾದಿನಿ ಹಿಂದಿನ ಸಾಲಿಗೆ ಕೈ ತೋರಿಸಿ "ಈಗ ನೀವು" ಅಂದಳು. ಅವಳ ದನಿ ಚೌಕಕ್ಕೆಲ್ಲ ಕೇಳಿಸಿತು. ನನ್ನ ಫೋನು ಮನೆಯಲ್ಲಿ ಚಾರ್ಜಿಗೆ ಹಾಕಿತ್ತು. ಮೆಟ್ಟಿಲು ಹತ್ತುವ ಹೊತ್ತಿಗೆ ಎಲ್ಲಾ ಮುಗಿದಿರುತ್ತಿತ್ತು. ತಲೆ ಎತ್ತಿ ಕಟ್ಟಡ ನೋಡಿದೆ. ಮಹಡಿಯ ಕಿಟಕಿಗಳೆಲ್ಲ ಹಾರು ಹೊಡೆದುಕೊಂಡಿದ್ದವು. ಇನ್ಯಾರ ಕೆಲಸ?

"ಆಮೇಲೇ!" ಅಂತ ಕೂಗಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ತರಕಾರಿಯವಳ ತೋಳು ಹಿಡಿದೆ. "ಅವಳನ್ನ ಕೂಗೇ, ನಿನ್ನ ಗಂಟಲಲ್ಲಿ ಕೂಗು!"

"ಯಾಕಮ್ಮಾ?"

"ಮೊದಲು ಕೂಗು ಮಾರಾಯ್ತಿ!"

ಬೆಳಗಿನಿಂದ ಸಂಜೆವರೆಗೆ ಬದನೆಕಾಯಿ ಬದನೆಕಾಯಿ ಅಂತ ಕೂಗಿ ಪಳಗಿದ ಗಂಟಲು. "ಆಮೇಲೇ... ಓ ಆಮೇಲೇ!" ಅಂತ ಎಳೆದಳು ನೋಡಿ, ಮರದ ಹಕ್ಕಿಗಳೆಲ್ಲ ಒಮ್ಮೆ ಎದ್ದು ಕೂತವು. ಜನಕ್ಕೆ ಇದೇನೋ ಮೋಜು ಅನ್ನಿಸಿತು. ಅವಳನ್ನು ಹುರಿದುಂಬಿಸುತ್ತಿದ್ದಾರೆ ಅಂದುಕೊಂಡರೋ ಏನೋ, ಒಬ್ಬರಾದ ಮೇಲೆ ಒಬ್ಬರು ಕೂಗಿದರು. ಹಾಲಿನವನು ಕೂಗಿದ, ಸ್ಕೂಲ್ ಮಕ್ಕಳು ಕುಣಿಯುತ್ತಾ ಕೂಗಿದರು. ಎಲ್ಲರಿಗಿಂತ ಜೋರಾಗಿ ಕೂಗಿದವನು ಬಣ್ಣದವನು, ಕೆಂಪು ಕೈಗಳನ್ನು ಬಾಯಿಗೆ ಕಹಳೆಯ ಹಾಗೆ ಹಿಡಿದುಕೊಂಡು: "ಆಮೇಲೇ! ಆಮೇಲೇ!"

ಟೀವಿಯಲ್ಲಿ ಟೈಲರಮ್ಮ ಎದ್ದು ನಿಂತಿದ್ದಳು. ಬಾಯಿ ತೆರೆದಳು.

ನಾದಿನಿ ಕತ್ತು ತಿರುಗಿಸಿದಳು. "ಒಂದು ನಿಮಿಷ" ಅಂತ ಕೈ ತೋರಿಸಿ ಕಿಟಕಿಗೆ ಬಂದಳು. ನಮಗೆ ಅವಳು ಎರಡು ಕಡೆ ಕಂಡಳು: ಕಿಟಕಿಯಲ್ಲಿ ಚಿಕ್ಕ ಮುಖ, ಟೀವಿಯಲ್ಲಿ ಗೋಡೆಯಷ್ಟು ದೊಡ್ಡ ಬೆನ್ನು. ಅವಳೂ ನೋಡಿದಳು. ಚೌಕದ ಜನರನ್ನು, ನನ್ನನ್ನು, ಕೆಂಪು ಕೈ ಬೀಸುತ್ತಿದ್ದ ಬಣ್ಣದವನನ್ನು, ಕಡೆಗೆ ತನ್ನದೇ ಬೆನ್ನನ್ನು. ಅವಳ ಮುಖ ಬಿಳುಚಿದ್ದು ಅಷ್ಟು ದೂರದಿಂದಲೂ ನನಗೆ ಕಂಡಿತು.

ದೊಡ್ಡ ಬೆನ್ನು ಸರಿದು ದೊಡ್ಡ ಮುಖವಾಯಿತು. "ಸಾರ್" ಅಂದಳು ಮೆಲ್ಲಗೆ. "ಈ ಸಭೆ ಚೌಕದಲ್ಲಿ ಕಾಣ್ತಾ ಇದೆ. ಆಮೇಲೆ?"

ಸಾಹೇಬ ಕ್ಯಾಮೆರಾ ನೋಡಿದ, ಕಿಟಕಿ ನೋಡಿದ, ನಿಂತಿದ್ದ ಟೈಲರಮ್ಮನನ್ನು ನೋಡಿದ. "ಅಯ್ಯಯ್ಯೋ!" ಅಂದದ್ದು ಊರಿಗೆಲ್ಲ ಕೇಳಿಸಿತು. ಓಡಿ ಬಂದು ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿದ. ಚೌಕದ ಟೀವಿಯ ತುಂಬ ಅವನ ಅಂಗೈ, ಗೆರೆ ಗೆರೆಯೂ ಕಾಣುವ ಹಾಗೆ. ತರಕಾರಿಯವಳು ಕಣ್ಣು ಕಿರಿದು ಮಾಡಿ ನೋಡಿ "ಆಯಸ್ಸು ಗಟ್ಟಿಯಾಗಿದೆ" ಅಂದಳು. ಜನ ಹೋ ಅಂತ ನಕ್ಕರು. ಅಷ್ಟರಲ್ಲಿ ಟೀವಿ ಆರಿತು.

ಆಮೇಲೆ ನಾವೆಲ್ಲ ಕಂಡದ್ದನ್ನು ಆ ಕಚೇರಿಯವರು ಇವತ್ತಿಗೂ ನಂಬುವುದಿಲ್ಲ. ಕಿಟಕಿ ಸಾಹೇಬ ತಾನೇ ಕಿಟಕಿಗೆ ಬಂದು ನಿಂತ. ಕಿಟಕಿ ಬಾಗಿಲುಗಳು ತುಕ್ಕು ಹಿಡಿದು ಕಚ್ಚಿಕೊಂಡಿದ್ದವು, ಅವನ ಕಾಲದಲ್ಲಿ ಅವನ್ನು ಮುಚ್ಚಿದವರು ಯಾರಿದ್ದರು? ಭುಜ ಕೊಟ್ಟು ತಳ್ಳಿ, ಬುಸುಗುಡುತ್ತಾ, ಒಂದೊಂದೇ ಕಿಟಕಿ ಮುಚ್ಚಿದ. ಚೌಕದವರು ಒಂದೊಂದಕ್ಕೂ ಚಪ್ಪಾಳೆ ತಟ್ಟಿದರು.

ಮುಚ್ಚಿದ ಕೋಣೆಯಲ್ಲಿ ಟೈಲರಮ್ಮ ಎಲ್ಲವನ್ನೂ ಹೇಳಿದಳು. ಅವಳಾದ ಮೇಲೆ ಇನ್ನೂ ಎಷ್ಟೋ ಜನ ಹೇಳಿದರು. ನಾದಿನಿ ಮನೆಗೆ ಬಂದವಳು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದು ಕೂತಳು.

"ಊರಿಗೆಲ್ಲ ಕೇಳೋಳು ನನ್ನನ್ನೇ ನಾನು ಕೇಳ್ಕೊಳ್ಳಲಿಲ್ಲವಲ್ಲ ಅತ್ತಿಗೆ."

"ಅದಕ್ಕೇ ಊರೆಲ್ಲ ಸೇರಿ ಕೂಗಿದ್ದು. ಎದ್ದೇಳು, ಕೈ ತೊಳಿ. ಕೂದಲು ಬಾಚ್ಕೋ ಅಂದ್ರೆ ಕೇಳಲಿಲ್ಲ, ಊರೆಲ್ಲ ನೋಡ್ತು."

ನಗು ತಡೆಯಲಾರದೆ ಇಬ್ಬರೂ ನಕ್ಕೆವು. ಕಣ್ಣಲ್ಲಿ ನೀರು ಬರುವವರೆಗೆ.

ಯೋಜನೆ ಬದಲಾಯಿತು. ದೂರು ಕಾಣುತ್ತೆ, ಕಚೇರಿ ಏನು ಮಾಡಿತು ಅನ್ನುವುದು ಕಾಣುತ್ತೆ. ದೂರು ಕೊಟ್ಟವರ ಹೆಸರು ಕಾಣುವುದಿಲ್ಲ. ಹೆದರುವವರ ಮಾತು ಕೇಳುವ ಸಭೆಗೆ ಕ್ಯಾಮೆರಾ ಇಲ್ಲ. ಸಾಹೇಬ ಆ ಕೋಣೆಯ ಕಿಟಕಿಗಳಿಗೆ ದಪ್ಪ ಬಟ್ಟೆಯ ತೆರೆ ಹೊಲಿಯುವ ಕೆಲಸವನ್ನು ಸಭೆ ಮುಗಿದ ಕೂಡಲೇ ಟೈಲರಮ್ಮನಿಗೇ ಒಪ್ಪಿಸಿದ. ಆ ಸಂಜೆ ಬಣ್ಣದವನು "ಏನಮ್ಮಾ, ಟೀವಿಲಿ ಬಂದಿದ್ರಿ, ಅಲ್ಲೇನು ಮಾಡ್ತಿದ್ರಿ?" ಅಂತ ಕೇಳಿದ್ದಕ್ಕೆ ಅವಳು ಸೂಜಿ ಕಚ್ಚಿಕೊಂಡೇ "ಕಿಟಕಿ ಅಳತೆ ತಗೊಂಡು ಬಂದೆ" ಅಂದಳು. ಸುಳ್ಳೇನಲ್ಲವಲ್ಲ.

ಟೀವಿಯಲ್ಲಿ ದೂರುಗಳು ಶುರುವಾದ ದಿನ ನಾನು ತರಕಾರಿಯವಳ ಪಕ್ಕದಲ್ಲೇ ಸ್ಟೂಲು ಹಾಕಿಸಿಕೊಂಡು ಕೂತಿದ್ದೆ. ರಸ್ತೆಯ ಗುಂಡಿ ಬಂತು, ಆರಿಹೋದ ದೀಪ ಬಂತು, ಆಮೇಲೆ ನಮ್ಮ ಬೀದಿ ಬಂತು. ‘ಬಾವಿಗಳಿಗೆ ಬಣ್ಣದ ನೀರು ಸೇರುತ್ತಿದೆ.’ ಬಣ್ಣದವನು ಗುಂಪಿನ ನಡುವೆಯೇ ನಿಂತಿದ್ದ. ಕಿವಿ ಕೆಂಪಾಯಿತು, ಮೂಗು ಅರಳಿತು.

"ಯಾರು? ಯಾರು ಹೇಳಿದ್ದು ಇದನ್ನ? ಹೆಸರು ಎಲ್ಲಿ?"

"ಯಾರು ಹೇಳಿದ್ರೇನಪ್ಪಾ" ಅಂದಳು ತರಕಾರಿಯವಳು, ಸೌತೆಕಾಯಿಗೆ ನೀರು ಚಿಮುಕಿಸುತ್ತಾ. "ನೀರು ಬಣ್ಣ ಆಗಿದೆಯೋ ಇಲ್ಲವೋ?"

ಎಲ್ಲರೂ ಅವನ ಕೈಗಳ ಕಡೆ ನೋಡಿದರು. ಅವನೂ ನೋಡಿಕೊಂಡ. ಅವತ್ತು ಹಸಿರಾಗಿದ್ದವು. ಸಿಟ್ಟು ಮಾಡೋಣ ಅಂದರೆ ಯಾರ ಮೇಲೆ ಮಾಡುವುದು? ಬಾಡಿಗೆಯವರನ್ನು ಬಿಡಿಸೋಣ ಅಂದರೆ ಯಾರನ್ನು? ಬೀದಿಯ ಪ್ರತಿ ಮನೆಯ ಹಿಂದೆಯೂ ಬಾವಿ ಇದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಮನೆ ಕಡೆ ನಡೆದ.

ಕೆಲವು ದಿನ ಅವನು ಯಾರ ಜೊತೆಗೂ ಮಾತಾಡಲಿಲ್ಲ. ಕಚೇರಿಯ ಇಂಜಿನಿಯರು ಬಂದು ಹೋದ, ಅವನ ಅಂಗಳದಲ್ಲಿ ಗುಂಡಿ ತೋಡುವ ಸದ್ದು ಕೇಳಿಸಿತು. ಆಮೇಲೆ ಒಂದು ಮಧ್ಯಾಹ್ನ ನಾನೂ ನಾದಿನಿಯೂ ಟೈಲರಮ್ಮನ ಹತ್ತಿರ ಅಳತೆ ಕೊಡುವುದಕ್ಕೆ ಹೋಗಿದ್ದಾಗ ಬಣ್ಣದವನೇ ಬಾಗಿಲಲ್ಲಿ ಬಂದು ನಿಂತ. ಟೈಲರಮ್ಮನ ಟೇಪು ನಾದಿನಿಯ ಸೊಂಟದ ಮೇಲೆ ಹಾಗೇ ನಿಂತಿತು.

"ಅಮ್ಮಾ" ಅಂದ ಟೈಲರಮ್ಮನಿಗೆ, ದನಿ ತಗ್ಗಿಸಿ. "ಯಾರೋ ನನ್ನ ಮೇಲೆ ದೂರು ಕೊಟ್ಟಿದ್ದಾರೆ. ನೀವು ಇಡೀ ದಿನ ಬಾಗಿಲಲ್ಲೇ ಕೂತಿರ್ತೀರಿ, ಯಾರು ಅಂತ ಏನಾದ್ರೂ ಗೊತ್ತಾ?"

"ಊಹ್ಞೂಂ" ಅಂದಳು ಟೈಲರಮ್ಮ, ಸೂಜಿಗಳ ನಡುವಿನಿಂದ.

"ಹೋಗ್ಲಿ ಬಿಡಿ. ನೀರು ಇಂಗೋಕೆ ಬಿಡದ ಹಾಗೆ ಸಿಮೆಂಟು ತೊಟ್ಟಿ ಕಟ್ಟಿಸಿದ್ದೀನಿ. ಬಾವೀನೂ ಚೊಕ್ಕ ಮಾಡಿಸಿಕೊಡ್ತೀನಿ. ನಿಮ್ಮ ಬಿಳಿ ಬಟ್ಟೆಗೇನಾದ್ರೂ ಬಣ್ಣ ಹತ್ತಿತ್ತಾ?"

"ಸ್ವಲ್ಪ."

"ಹೇಳಬಾರದಿತ್ತಾ ನೀವು?" ಅಂದ ಬಣ್ಣದವನು. ನಿಜವಾಗಿಯೂ ನೊಂದುಕೊಂಡೇ ಅಂದ.

ಟೈಲರಮ್ಮನಿಗೆ ಕೆಮ್ಮು ಬಂತು. ನಾನು ಕಿಟಕಿಯಾಚೆ ಹೋಗುತ್ತಿದ್ದ ಬೆಕ್ಕನ್ನು ಬಹಳ ಆಸಕ್ತಿಯಿಂದ ನೋಡಿದೆ.

ಅವನಿಗೆ ತನ್ನ ತೊಟ್ಟಿಯ ಮೇಲೆ ಪ್ರೀತಿ ಹುಟ್ಟಿಬಿಟ್ಟಿತ್ತು. ಕೈ ಅಗಲಿಸಿ ತೋರಿಸಿದ, ಇಷ್ಟುದ್ದ, ಇಷ್ಟು ಆಳ ಅಂತ. "ಬಣ್ಣವೆಲ್ಲ ಕೆಳಗೆ ಕೂತ್ಕೊಳ್ಳುತ್ತೆ, ಮೇಲೆ ಬರೋದು ತಿಳಿ ನೀರು. ಕೆಳಗೆ ಉಳಿಯೋದು ಬರೀ ಕೆಸರು ಅಷ್ಟೇ" ಅಂದ.

ನಾದಿನಿ ತಲೆ ಎತ್ತಿದಳು. ಕಣ್ಣುಗಳು ಅರಳಿದವು, ಹೊಸ್ತಿಲ ಮೇಲೆ ಕೂತು ಕಾಲಾಡಿಸುತ್ತಿದ್ದ ಆ ಹುಡುಗಿಯ ಕಣ್ಣಿನ ಹಾಗೆಯೇ. ತುಟಿ ತೆರೆಯಿತು.

ನಾನು ಮೂಲೆಯಲ್ಲಿದ್ದ ಸ್ಟೂಲು ಎಳೆದು ಬಣ್ಣದವನ ಮುಂದಿಟ್ಟೆ. "ಕೂತ್ಕೊಳ್ಳಪ್ಪಾ" ಅಂದೆ. "ಇನ್ನು ಸ್ವಲ್ಪ ಹೊತ್ತಾಗುತ್ತೆ."